ಬುಕ್ ಪೋಸ್ಟ್ ಹೊತ್ತ ಮಾಳಿಗೆ

ಬಿಸಿಲಿದ್ದ ದಿನ ತೂಗಿದಾಗ ಲಕೋಟೆ ಮಿತಿಯೊಳಗೇ ಇತ್ತು. ಮಳೆ ಹಿಡಿದ ಮೇಲೆ ಅದೇ ಲಕೋಟೆಯನ್ನು ತಕ್ಕಡಿಗಿಟ್ಟರೆ ಮುಳ್ಳು ಗೆರೆ ದಾಟಿ ನಿಂತಿತು. ನಾನು ತೆಗೆದು ಮತ್ತೆ ಇಟ್ಟೆ. ಇನ್ನೊಂದನ್ನು ಇಟ್ಟೆ. ಎಲ್ಲವೂ ಅಷ್ಟೇ. ಕಾಗದ ಗಾಳಿಯ ತೇವ ಕುಡಿದು ಭಾರವಾಗಿತ್ತು.

ಕೈಯಲ್ಲಿ ಹಿಡಿದರೆ ಗೊತ್ತೇ ಆಗದಷ್ಟು ವ್ಯತ್ಯಾಸ. ಆದರೆ ಅಂಚೆಯವರ ಲೆಕ್ಕದಲ್ಲಿ ಗೆರೆ ದಾಟಿದ್ದು ಕೂದಲೆಳೆಯಷ್ಟಾದರೂ ಮುಂದಿನ ದರ ಬೀಳುತ್ತದೆ. ಒಂದು ಲಕೋಟೆಯಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನಮ್ಮ ಹತ್ತಿರ ಇದ್ದದ್ದು ಒಂದು ದೊಡ್ಡ ಸಿಮೆಂಟ್ ಕಂಪನಿಯ ಎಲ್ಲ ಷೇರುದಾರರಿಗೂ ಹೋಗಬೇಕಾದ ವಾರ್ಷಿಕ ವರದಿ.

ಬೇಗಂಪೇಟೆಯ ಒಂದು ಗಲ್ಲಿಯಲ್ಲಿ ನಮ್ಮ ಆಫೀಸು. ಕಂಪನಿಗಳ ಟಪಾಲನ್ನು ಲಕೋಟೆಗೆ ತುಂಬಿ, ವಿಳಾಸ ಅಂಟಿಸಿ, ವಿಂಗಡಿಸಿ ಅಂಚೆಗೆ ಮುಟ್ಟಿಸುವುದು ಕೆಲಸ. ಅದನ್ನು ಯಾರಾದರೂ ಮಾಡಬಹುದು. ಅಂಚೆ ಖರ್ಚನ್ನು ಎಷ್ಟು ಇಳಿಸಿಕೊಡುತ್ತೇವೆ ಎನ್ನುವುದರ ಮೇಲೆ ನಮ್ಮಂಥವರಿಗೆ ಕೆಲಸ ಸಿಗುತ್ತಿತ್ತು. ಷೇರಿನ ಹುಚ್ಚು ಊರಿಗೆಲ್ಲ ಹತ್ತಿದ್ದ ಕಾಲ ಅದು. ಆ ಸಿಮೆಂಟ್ ಕಂಪನಿಯ ಕೆಲಸವನ್ನು ಅಲ್ಲಿಯವರೆಗೆ ಬೊಂಬಾಯಿಯ ದೊಡ್ಡ ಸಂಸ್ಥೆಯೊಂದು ಮಾಡುತ್ತಿತ್ತು. ನಮ್ಮ ಮಾಲೀಕರು ಅವರಿಗಿಂತ ಕಡಿಮೆ ಖರ್ಚಿನಲ್ಲಿ ಮಾಡಿಕೊಡುತ್ತೇನೆಂದು ಮಾತು ಕೊಟ್ಟು ತಂದಿದ್ದರು. ಬೀದರ್ ಕಡೆಯವರು, ನನಗಿಂತ ಹಿರಿಯರು, ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು. ನಾನು ಅವರಲ್ಲಿ ಮೇಲ್ವಿಚಾರಕಿ.

ಖರ್ಚು ಇಳಿಸಲು ಏನೇನು ಮಾಡಬಹುದೋ ಅಷ್ಟನ್ನೂ ಮಾಡಿದ್ದೆವು. ತೆಳು ಕಾಗದ ಆರಿಸಿದ್ದೆವು. ಪ್ರೆಸ್ಸಿನವರಿಗೆ ಹೇಳಿ ವರದಿಯ ಅಂಚನ್ನು ಒಂದು ಬೆರಳಿನಷ್ಟು ಹೆಚ್ಚು ಕತ್ತರಿಸಿದ್ದೆವು. ಅಚ್ಚಾದ ಕಾಗದಕ್ಕಿರುವ ಅಗ್ಗದ ಬುಕ್ ಪೋಸ್ಟ್ ದರದಲ್ಲಿ ಹೋಗಲೆಂದು ಲಕೋಟೆಯ ಬಾಯಿಗೆ ಅಂಟು ಹಚ್ಚದೆ ಒಳಗೆ ಮಡಚುತ್ತಿದ್ದೆವು. ಅಂಚೆಯವರು ಬೇಕಾದರೆ ತೆಗೆದು ನೋಡುವಂತಿರಬೇಕು, ಅದು ನಿಯಮ. ಇದರ ಮೇಲೆ ಪಿನ್ ಕೋಡ್ ಪ್ರಕಾರ ನಾವೇ ವಿಂಗಡಿಸಿ, ಕಟ್ಟು ಕಟ್ಟಿ, ಇಡೀ ಟಪಾಲನ್ನು ಒಂದೇ ಸಲ ತಂದುಕೊಟ್ಟರೆ ಇನ್ನಷ್ಟು ರಿಯಾಯಿತಿ. ಒಂದೇ ಸಲ ಅಂದರೆ ಒಂದೇ ಸಲ. ತಯಾರಾದದ್ದನ್ನು ಅಷ್ಟಷ್ಟಾಗಿ ಕಳಿಸಿಬಿಡುವ ಹಾಗಿಲ್ಲ, ಕೊನೆಯ ಲಕೋಟೆ ಸೇರುವ ತನಕ ಎಲ್ಲವನ್ನೂ ನಮ್ಮಲ್ಲೇ ಇಟ್ಟುಕೊಳ್ಳಬೇಕು.

ತೇವದ ವಿಷಯ ಹೇಳಿದಾಗ ಮಾಲೀಕರು ಹಿತ್ತಲಿನ ತಗಡಿನ ಶೆಡ್ಡಿಗೆ ಬಂದು ನೋಡಿದರು. ಪ್ರೆಸ್ಸಿನಿಂದ ಬಂದ ವರದಿಗಳನ್ನೆಲ್ಲ ಅಲ್ಲೇ ಪೇರಿಸಿದ್ದೆವು. ಗೋಡೆ ಬೆವರುತ್ತಿತ್ತು, ನೆಲದ ಮೇಲೆ ಹಾಸಿದ್ದ ಗೋಣಿತಟ್ಟು ಒದ್ದೆ.

"ಇಲ್ಲಿ ಇಟ್ರ ಕೆಟ್ಟಂಗ. ಎಲ್ಲಾ ಮ್ಯಾಲ ಒಯ್ಯೋಣು ತಂಗಿ. ಮ್ಯಾಲಿನ ಹಾಲ್ ಬೆಚ್ಚಗ ಐತಿ. ಫ್ಯಾನ್ ಹಾಕಿ ಎರಡು ದಿನ ಬಿಟ್ರ ತೂಕ ಇಳೀತೈತಿ" ಅಂದರು.

ಹಾಗೇ ಆಯಿತು. ಫ್ಯಾನಿನ ಗಾಳಿಗೆ ಒಣಗಿದ ಲಕೋಟೆ ಮರಳಿ ಗೆರೆಯ ಒಳಗೆ ಬಂತು. ನಮಗೆಲ್ಲ ಖುಷಿಯಾಯಿತು. ಹಮಾಲರು ಶೆಡ್ಡನ್ನು ಖಾಲಿ ಮಾಡಿ ಎಲ್ಲವನ್ನೂ ಮೇಲಕ್ಕೆ ಹೊತ್ತರು.

ಆಫೀಸಿದ್ದ ಆ ಮನೆ ಹಳೆಯದು. ಗೋಡೆಯಿಂದ ಗೋಡೆಗೆ ಕಬ್ಬಿಣದ ಗರ್ಡರ್ ಹಾಕಿ, ಅದರ ಮೇಲೆ ಶಹಾಬಾದ್ ಕಲ್ಲು ಹಾಸಿ, ಗಾರೆ ಸುರಿದ ಮಾಳಿಗೆ. ಮೇಲಿನ ಹಾಲ್ ನಮ್ಮದು. ಅದರ ಸರಿ ಕೆಳಗಿನ ಕೋಣೆಯಲ್ಲಿ ಒಂದು ಹೊಲಿಗೆ ಕ್ಲಾಸು. ರಾಯಚೂರು ಕಡೆಯ ಒಬ್ಬ ಹೆಣ್ಣುಮಗಳು ಅದನ್ನು ನಡೆಸುತ್ತಿದ್ದರು. ನಾವು ಟೀಚರ್ ಅನ್ನುತ್ತಿದ್ದೆವು. ಸುತ್ತಲಿನ ಹೆಂಗಸರು, ಕಾಲೇಜು ಮುಗಿಸಿದ ಹುಡುಗಿಯರು ಅಲ್ಲಿಗೆ ಬರುತ್ತಿದ್ದರು. ನಮ್ಮ ಮಾತು ನಿಂತಾಗ ಕೆಳಗಿನಿಂದ ಮಷೀನುಗಳ ಸದ್ದು ಕೇಳುತ್ತಿತ್ತು.

ಮೇಲೆ ನಮ್ಮ ಹೆಂಗಸರು ವಿಂಗಡಣೆ ಶುರು ಮಾಡಿದರು. ಪಿನ್ ಕೋಡಿನ ಮೊದಲ ಅಂಕಿ ನೋಡಿ ದೇಶವನ್ನು ಭಾಗ ಮಾಡುವುದು, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಮೂರು ಅಂಕಿ ಕೂಡಿದರೆ ಒಂದು ಜಿಲ್ಲೆಯ ಗುಡ್ಡೆ. ಗುಡ್ಡೆಯಿಂದ ಹಿಡಿಯಷ್ಟು ತೆಗೆದು, ಮುಖ ಒಂದೇ ಕಡೆ ಮಾಡಿ, ಸುತಳಿಯಿಂದ ಕಟ್ಟಿ ಮೇಲೊಂದು ಚೀಟಿ. ದೆಹಲಿ, ಬೊಂಬಾಯಿ, ಮದ್ರಾಸಿನ ಗುಡ್ಡೆಗಳು ಗೋಡೆಯ ಬದಿಗೆ ಬೆಳೆದವು. ಎಲ್ಲಕ್ಕಿಂತ ಹೆಚ್ಚು ಷೇರುದಾರರು ಇದ್ದದ್ದು ಈ ಊರಿನಲ್ಲೇ. ಐನೂರರಿಂದ ಶುರುವಾಗುವ ಇಲ್ಲಿನ ಪಿನ್ ಕೋಡುಗಳ ಗುಡ್ಡೆಗೆ ಗೋಡೆ ಬದಿಯ ಜಾಗ ಸಾಲದೆ ಅದು ಹಾಲಿನ ನಡುವೆ ಬೆಳೆಯಿತು. ಕೈಗೆ ಸುಲಭವೆಂದು ಇನ್ನೂ ತುಂಬದ ವರದಿಗಳೂ ಅದರ ಪಕ್ಕದಲ್ಲೇ ಕೂತವು. ನಡುವೆ ಹಾದು ಹೋಗಲು ಓಣಿಯಂಥ ದಾರಿ ಉಳಿಯಿತು.

ಹೊರಗೆ ಮಳೆ ಜೋರಾಗಿ ಹೊಡೆಯಲಿಲ್ಲ, ನಿಲ್ಲಲೂ ಇಲ್ಲ. ಗೋಡೆಗಳು ಹೊರಗಿನಿಂದ ಕಪ್ಪಾಗಿ ನೆನೆದು ನಿಂತಿದ್ದವು.

ಮೊದಲು ಬಂದದ್ದು ಟೀಚರ್. ಕೈಯಲ್ಲಿ ಒಂದು ಬ್ಲೌಸಿನ ತುಂಡು.

"ನೋಡ್ರಿ, ಮ್ಯಾಲಿಂದ ಸುಣ್ಣ ಉದರಾಕತ್ತೈತಿ. ಕಪ್ಪು ಅರಿವಿ ಮ್ಯಾಲ ಬಿದ್ರ ಝಾಡಿಸಿದ್ರೂ ಹೋಗವಲ್ದು. ನಿಮ್ಮ ಮಂದಿಗೆ ಸ್ವಲ್ಪ ಮೆತ್ತಗ ನಡಿರಿ ಅಂತ ಹೇಳ್ರಿ."

ನಾನು ಹೇಳಿದೆ. ಮಾಲೀಕರು ಕೆಳಗೆ ಕಟ್ಟಿಕೊಳ್ಳಲು ಪ್ಲಾಸ್ಟಿಕ್ ಹಾಳೆ ಕೊಡಿಸಿದರು. ಹಳೇ ಮನೆ, ಮಳೆಗಾಲ, ಸುಣ್ಣ ಉದುರುವುದು ಹೊಸದಲ್ಲ.

ಮರುದಿನ ಬೆಳಿಗ್ಗೆ ಹಾಲಿನ ಬಾಗಿಲು ತೆಗೆಯಲು ನಾನು ಭುಜ ಕೊಡಬೇಕಾಯಿತು. ಒಳಕ್ಕೆ ಹೋಗುವಾಗ ಕೆಳ ಅಂಚು ನೆಲವನ್ನು ಕೆರೆದು ಬಿಳಿ ಗೆರೆ ಎಳೆಯಿತು. ಉಪ್ಪಲ್‌ನಿಂದ ಬರುತ್ತಿದ್ದ ಹಳೆಯ ಕೆಲಸಗಾರ್ತಿ ನನ್ನ ಹಿಂದೆಯೇ ಇದ್ದಳು. ಮಾತಿನಲ್ಲಿ ಜೋರು, ಕೈಯಲ್ಲೂ ಜೋರು. "ಮಳೆಗೆ ಉಬ್ಬಿದೆ ಮೇಡಂ, ನಮ್ಮನೆ ಬಾಗಿಲೂ ಹೀಗೇ" ಎಂದು ತೆಲುಗಿನಲ್ಲಿ ಹೇಳಿ ಒಳಗೆ ಹೋದಳು. ನಾನೂ ಹೌದೆಂದುಕೊಂಡೆ. ಹಾಜರಿ ಹಾಕಿ, ಲೇಬಲ್ ಹಾಳೆಗಳನ್ನು ಹಂಚಿ, ತಕ್ಕಡಿಯ ಮುಂದೆ ಕೂತ ಮೇಲೆ ತಲೆಗೆ ಹೊಳೆಯಿತು. ಆ ಬಾಗಿಲು ಕಟ್ಟಿಗೆಯದಲ್ಲ. ಕಬ್ಬಿಣದ ಚೌಕಟ್ಟಿಗೆ ತಗಡು ಹೊಡೆದದ್ದು. ಕಬ್ಬಿಣ ಮಳೆಗೆ ಉಬ್ಬುವುದಿಲ್ಲ.

ಎದ್ದು ಹೋಗಿ ಬಾಗಿಲನ್ನು ನೋಡಿದೆ. ಬಾಗಿಲು ಹೇಗಿತ್ತೋ ಹಾಗೇ ಇತ್ತು. ಚೌಕಟ್ಟೇ ಒಂದು ಕಡೆ ವಾಲಿತ್ತು.

ನನಗೆ ಕಟ್ಟಡದ ವಿಷಯ ಏನೂ ಗೊತ್ತಿಲ್ಲ. ಗೊತ್ತಿರುವುದು ಕಾಗದ. ಒಂದು ವರದಿ ಎಷ್ಟು ಹಗುರ, ಒಂದು ಕಟ್ಟು ಎಷ್ಟು ಭಾರ ಎಂಬುದನ್ನು ದಿನವೂ ತೂಗುವವಳು. ಆದರೆ ಆ ಹಾಲಿನಲ್ಲಿ ಕೂತ ಒಟ್ಟು ಭಾರ ಎಷ್ಟೆಂದು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಆಗ ಯೋಚಿಸಿದೆ. ಟೆಂಪೋಗಟ್ಟಲೆ ಬಂದ ಸರಕು. ಒಂದು ಟೆಂಪೋ ಖಾಲಿಯಾದ ಕೂಡಲೇ ಅದರ ಚಕ್ರಗಳು ಹೇಗೆ ಮೇಲೇಳುತ್ತಿದ್ದವು ಎಂಬುದು ಕಣ್ಣ ಮುಂದೆ ಬಂತು. ಆ ಭಾರವೆಲ್ಲ ಈಗ ನಮ್ಮ ಕಾಲ ಕೆಳಗಿನ ಕಲ್ಲುಗಳ ಮೇಲಿತ್ತು.

ಅಷ್ಟರಲ್ಲಿ ಒಬ್ಬಳ ಕೈಯಿಂದ ಸುತಳಿ ಉಂಡೆ ಜಾರಿ ಬಿತ್ತು. ಬಿದ್ದ ಕಡೆ ನಿಲ್ಲದೆ ಗುಡ್ಡೆಗಳ ನಡುವಿನ ದಾರಿಯಲ್ಲಿ ನಿಧಾನವಾಗಿ ಉರುಳುತ್ತಾ ಹಾಲಿನ ನಡುವೆ ಹೋಗಿ ನಿಂತಿತು. ಹೆಂಗಸರು ನಕ್ಕರು. ನಾನು ಹೋಗಿ ಅದನ್ನೆತ್ತಿಕೊಂಡು ಎದುರು ಗೋಡೆಯ ಬುಡದಲ್ಲಿ ನೆಲಕ್ಕಿಟ್ಟು ಕೈ ಬಿಟ್ಟೆ. ಅದು ಈ ಕಡೆಯಿಂದಲೂ ಉರುಳಿ ಅದೇ ಜಾಗಕ್ಕೆ ಬಂದು ನಿಂತಿತು.

ಈ ಸಲ ಉಪ್ಪಲ್‌ನವಳು ನಗಲಿಲ್ಲ. ನನ್ನ ಮುಖ ನೋಡಿದಳು.

ಕೆಳಗಿಳಿದು ಮೆಟ್ಟಿಲ ಪಕ್ಕದ ಆಫೀಸು ಕೋಣೆಯ ಫೋನಿನಿಂದ ಪ್ರೆಸ್ಸಿಗೆ ಫೋನ್ ಮಾಡಿದೆ. ಮಾಲೀಕರು ಕೊನೆಯ ಲಾಟ್ ವರದಿಗಳನ್ನು ಹೇರಿಸಲು ಅಲ್ಲಿಗೆ ಹೋಗಿದ್ದರು.

"ಸಾಹೇಬ್ರ, ಮ್ಯಾಲಿನ ನೆಲ ನಡುವ ಕುಸದಂಗ ಕಾಣಾಕತ್ತೈತ್ರಿ."

"ಹಳೇ ನೆಲ ತಂಗಿ, ಮೊದಲಿಂದ ಹಂಗ ಇದ್ದೀತು. ನಾವು ನೋಡಿಲ್ಲಷ್ಟ."

"ಬಾಗಲಾನೂ ಹಿಡ್ಯಾಕತ್ತೈತಿ."

ಆ ಕಡೆ ಮಷೀನುಗಳ ಸದ್ದು. ಅವರು ದನಿ ಎತ್ತಿ ಹೇಳಿದರು: "ಕಲ್ಲಿನ ಮಾಳಗಿ ಅದು, ಏನಾಗಂಗಿಲ್ಲ. ಟೆಂಪೋ ಹೊಂಟೈತಿ. ಇಳಿಸಿ ಮ್ಯಾಲ ಒಯ್ಯಸು. ಇವತ್ತ ತುಂಬಿ ಮುಗಿಸಿದ್ರ ನಾಳೆ ಎಲ್ಲಾ ಒಮ್ಮೇಲೆ ಅಂಚೆಗೆ ಕೊಟ್ಟು ಬಿಡೋಣು. ಒಂದ ದಿನದ ಮಾತು."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಒಂದು ದಿನ ತಾಳಿದರೆ ಎಲ್ಲ ಮುಗಿಯುತ್ತಿತ್ತು. ಕಂಪನಿಯ ವಾರ್ಷಿಕ ಸಭೆಗೆ ಇಷ್ಟು ದಿನ ಮುಂಚೆಯೇ ಷೇರುದಾರರಿಗೆ ವರದಿ ಮುಟ್ಟಬೇಕೆಂದು ಕಾನೂನು. ದಿನ ದಾಟಿದರೆ ಕಂಪನಿ ನಮ್ಮನ್ನು ಬಿಡುವುದಿಲ್ಲ. ಭಾಗ ಭಾಗವಾಗಿ ಕೊಟ್ಟರೆ ರಿಯಾಯಿತಿ ಹೋಗುತ್ತದೆ, ಕೊಟ್ಟ ಮಾತೂ ಹೋಗುತ್ತದೆ. ಫೋನ್ ಇಟ್ಟ ಮೇಲೂ ನನ್ನ ಕೈ ಅದರ ಮೇಲೇ ಇತ್ತು.

ಟೆಂಪೋ ಬಂತು. ಹಮಾಲರು ತಾಡಪಾಲು ಸರಿಸಿ ಮೊದಲ ಕಟ್ಟನ್ನು ಹೆಗಲಿಗೇರಿಸಿದರು. ಮೆಟ್ಟಿಲ ಬುಡದಲ್ಲಿ ನಿಂತು, ಸ್ವಲ್ಪ ತಡೆಯಿರಿ, ನಾನೀಗ ಬಂದೆ ಎಂದು ಅವರಿಗೆ ಹೇಳಿ ಹೊಲಿಗೆ ಕೋಣೆಗೆ ಹೋದೆ.

ಮಷೀನುಗಳೆಲ್ಲ ಓಡುತ್ತಿದ್ದವು. ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ. ಅದರ ನಡುವೆ ಸುಣ್ಣ, ಗಾರೆಯ ಪುಡಿ ಸೇರಿ ಜೋಳಿಗೆಯ ಹಾಗೆ ತೂಗುತ್ತಿತ್ತು. ನಿನ್ನೆ ಕಟ್ಟಿದ ಹಾಳೆ ಅದು.

"ಟೀಚರ್, ಒಂದ್ ಸ್ವಲ್ಪ ಇದನ್ನ ಸರಸ್ತೀನ್ರಿ."

"ಯಾಕ್ರಿ? ಮತ್ತ ಎಲ್ಲಾ ಅರಿವಿ ಮ್ಯಾಲ ಬೀಳತೈತಿ. ಪರೀಕ್ಷಾದ ಅರಿವಿ ಇವು" ಎಂದು ಅವರು ಕುರ್ಚಿಯಿಂದ ಏಳದೆಯೇ ಹೇಳಿದರು.

ನಾನು ಸ್ಟೂಲ್ ಹತ್ತಿ ಗೋಡೆಯ ಬದಿಯ ದಾರ ಬಿಚ್ಚಿ ಹಾಳೆಯನ್ನು ಸರಿಸಿದೆ. ಗರ್ಡರ್ ಗೋಡೆಯೊಳಗೆ ಹೋಗುವ ಜಾಗದಲ್ಲಿ ಗಾರೆ ಹಸಿ ಮಣ್ಣಿನಂತೆ ಬಿರಿದಿತ್ತು. ಒದ್ದೆ ಗೋಡೆ. ಬೆರಳು ತಾಗಿಸಿದರೆ ಉದುರಿತು. ಅಲ್ಲಿಂದ ನಡುವಿಗೆ ನೋಡಿದರೆ ಎರಡು ಕಲ್ಲುಗಳ ನಡುವಿನ ಸಂದಿನಲ್ಲಿ ಏನೋ ಮಿನುಗಿದಂತಾಯಿತು. ನೀರಿರಬೇಕು ಅಂದುಕೊಂಡೆ.

"ಒಂದು ನಿಮಿಷ ಲೈಟ್ ಆರಿಸ್ರಿ" ಅಂದೆ.

ಹುಡುಗಿಯರು ಗೊಣಗಿದರು. ಒಬ್ಬಳು ಎದ್ದು ಸ್ವಿಚ್ ಒತ್ತಿದಳು. ಮೋಡದ ಮಧ್ಯಾಹ್ನ, ಕೋಣೆ ಮಬ್ಬಾಯಿತು. ಆಗ ಮಾಳಿಗೆಯಲ್ಲಿ ಉದ್ದಕ್ಕೂ ಒಂದು ಬಿಳಿ ಎಳೆ ಕಾಣಿಸಿತು. ಅದು ನೀರಲ್ಲ. ನಮ್ಮ ಹಾಲಿನ ಟ್ಯೂಬ್‌ಲೈಟಿನ ಬೆಳಕು. ಮೇಲೆ ಯಾರೋ ನಡೆದರು, ಎಳೆ ಅಲ್ಲಲ್ಲಿ ಕತ್ತಲಾಗಿ ಮತ್ತೆ ಬೆಳಗಿತು.

ಟೀಚರ್ ಕುರ್ಚಿಯಿಂದ ಎದ್ದಿದ್ದರು. ತಲೆ ಎತ್ತಿ ನೋಡುತ್ತ ನಿಂತವರು ಯಾರ ಕಡೆಗೂ ತಿರುಗದೆ, ಬಹಳ ಸಣ್ಣ ದನಿಯಲ್ಲಿ ಹೇಳಿದರು: "ಮಷೀನ್ ಬಿಡ್ರಿ. ಅರಿವಿ ಬಿಡ್ರಿ. ಎಲ್ಲಾರೂ ಹೊರಗ ನಡೀರಿ."

ನಾನು ಮೇಲಕ್ಕೆ ಹೋದೆ. ಓಡಬೇಕೆನಿಸಿದರೂ ಮೆಟ್ಟಿಲ ಮೇಲೆ ಕಾಲು ಮೆತ್ತಗೆ ಇಡುತ್ತಿದ್ದೆ. ಬಾಗಿಲಲ್ಲೇ ನಿಂತು ತೆಲುಗಿನಲ್ಲಿ ಹೇಳಿದೆ: ಕೆಲಸ ನಿಲ್ಲಿಸಿ, ಏನನ್ನೂ ಎತ್ತಿಕೊಳ್ಳಬೇಡಿ, ನಡುವಿನ ದಾರಿಗೆ ಬರಬೇಡಿ, ಗೋಡೆ ಹಿಡಿದು ಒಬ್ಬೊಬ್ಬರೇ ಬನ್ನಿ. ಕಟ್ಟಿನ ಲೆಕ್ಕದ ಮೇಲೆ ಕೂಲಿ ಪಡೆಯುವವರು ಅವರು. ಅರ್ಧ ಕಟ್ಟಿದ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಉಪ್ಪಲ್‌ನವಳು ಮೊದಲು ಎದ್ದು ಗೋಡೆಗೆ ಬೆನ್ನು ತಾಗಿಸಿ ನಡೆದು ಬಂದಳು. ಅವಳು ಬಂದದ್ದಕ್ಕೆ ಉಳಿದವರೂ ಬಂದರು. ಬಾಗಿಲ ಹತ್ತಿರ ಅವಳು ನಿಂತಳು.

"ನನ್ನ ಡಬ್ಬಿ ಅಲ್ಲಿದೆ ಮೇಡಂ, ಪರ್ಸೂ ಅದರಲ್ಲೇ ಇದೆ."

ಅದು ಹಾಲಿನ ನಡುವೆ, ಊರಿನ ಗುಡ್ಡೆಗೆ ಒರಗಿ ಕೂತಿತ್ತು. ನಾಲ್ಕು ಹೆಜ್ಜೆ ಹಾಕಿದರೆ ಸಿಗುತ್ತಿತ್ತು. ನಾನು ಅವಳ ರಟ್ಟೆ ಹಿಡಿದು ಮೆಟ್ಟಿಲ ಕಡೆಗೆ ತಳ್ಳಿದೆ.

ಎದುರು ಅಂಗಡಿಯ ಚಪ್ಪರದ ಕೆಳಗೆ ಎಲ್ಲರೂ ಸೇರಿದೆವು, ನಮ್ಮವರು, ಹೊಲಿಗೆಯವರು, ಹಮಾಲರು. ಟೆಂಪೋ ಹಾಗೇ ನಿಂತಿತ್ತು. ಜಿನುಗು ಮಳೆ. ಮನೆಯೂ ಹಾಗೇ ನಿಂತಿತ್ತು. ಮೇಲಿನ ಕಿಟಕಿಯಲ್ಲಿ ನಮ್ಮ ಫ್ಯಾನುಗಳು ತಿರುಗುವುದು ಕಾಣುತ್ತಿತ್ತು.

ಏನೂ ಆಗಲಿಲ್ಲ. ಆಮೇಲೆ ಮಾತು ಶುರುವಾಯಿತು. ಹಮಾಲರು ಕೂಲಿ ಯಾರು ಕೊಡುತ್ತಾರೆಂದರು. ಹುಡುಗಿಯೊಬ್ಬಳು ಕೊಡೆ ಒಳಗೆ ಉಳಿಯಿತು, ತಂದುಬಿಡುತ್ತೇನೆ ಎಂದಳು; ಟೀಚರ್ ಅವಳನ್ನು ಕಣ್ಣಿನಲ್ಲೇ ತಡೆದರು. ನಮ್ಮ ಹೆಂಗಸರು ಗುಂಪಾಗಿ ನಿಂತು ನನ್ನ ಕಡೆ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿಗಿಂತ ಮುಜುಗರ ಹೆಚ್ಚಿತ್ತು. ನನಗೂ ಒಂದು ಕ್ಷಣ, ಬೆಳಕಿನ ಎಳೆ ಮೊದಲಿನಿಂದಲೂ ಇದ್ದಿರಬಹುದು ಅನ್ನಿಸಿತು. ಪ್ಲಾಸ್ಟಿಕ್ ಸರಿಸಿ, ಲೈಟ್ ಆರಿಸಿ ನೋಡಿದವರು ಯಾರಿದ್ದಾರೆ.

ಮಾಲೀಕರ ಸ್ಕೂಟರ್ ಬಂತು. ಮಳೆಯಲ್ಲಿ ನೆನೆದಿದ್ದರು. ಟೆಂಪೋ ನೋಡಿದರು, ಜನರನ್ನು ನೋಡಿದರು.

"ಇದ್ಯಾಕ ನಿಂತೈತಿ? ಕಾಗದ ತೋಯಾಕತ್ತೈತಿ, ಕಾಣಂಗಿಲ್ಲೇನು?"

"ನಾನ ನಿಲ್ಲಿಸೀನ್ರಿ."

"ಯಾರನ್ನ ಕೇಳಿ?"

ಅವರು ಗೇಟಿನ ಕಡೆ ನಡೆದರು. "ನಾನ ಹತ್ತಿ ನಡುವ ನಿಂದರ್ತೀನಿ. ಆವಾಗರ ಇವರೆಲ್ಲಾ ನಂಬ್ತಾರ."

ಆಳುಗಳ ಮುಂದೆ ಕೂಗಾಡುವ ಮನುಷ್ಯರಲ್ಲ ಅವರು. ಆ ಕೆಲಸದ ಮೇಲೆ ಎಷ್ಟು ಆಸೆ ಇಟ್ಟಿದ್ದರೆಂದು ನನಗೆ ಗೊತ್ತಿತ್ತು. ಗೇಟಿಗೆ ಅಡ್ಡ ನಿಂತೆ.

"ಹತ್ತಬ್ಯಾಡ ಅನ್ನಂಗಿಲ್ರಿ ಸಾಹೇಬ್ರ. ಮೊದಲ ಆ ಕಿಟಕ್ಯಾಗಿಂದ ಒಳಗ ನೋಡ್ರಿ. ಒಳಗ ಹೋಗಬ್ಯಾಡ್ರಿ, ಹೊರಗ ನಿಂತು ಮ್ಯಾಲ ನೋಡ್ರಿ. ಆಮ್ಯಾಲ ಹತ್ತೋದಿದ್ರ ನಾನೂ ಬರ್ತೀನಿ."

ಅವರು ನನ್ನನ್ನು ಸರಿಸಿ ಹೊಲಿಗೆ ಕೋಣೆಯ ಕಿಟಕಿಗೆ ಹೋದರು. ಸರಳು ಹಿಡಿದು ಮೈ ಬಗ್ಗಿಸಿ ಮೇಲೆ ನೋಡಿದರು. ನಾನು ಅವರ ಬೆನ್ನ ಹಿಂದಿನಿಂದಲೇ ಕಂಡೆ. ಎಳೆ ಈಗ ಎಳೆಯಾಗಿರಲಿಲ್ಲ, ಪಟ್ಟಿಯ ಹಾಗಾಗಿತ್ತು. ಅದರಲ್ಲಿ ನಮ್ಮ ಲಕೋಟೆಯ ಕಟ್ಟೊಂದರ ಅಂಚು ಕಾಣುತ್ತಿತ್ತು.

ಅವರು ಸರಳು ಬಿಟ್ಟು ಹಿಂದೆ ಸರಿದರು. "ಗೌಂಡಿನ್ನ ಕರಸ್ತೀನಿ. ಬಿದಿರಿನ ಆಸರಿ ಕೊಡಸೋಣು" ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುವಂತೆ ಹೇಳಿ ಎದುರು ಅಂಗಡಿಗೆ ಫೋನ್ ಮಾಡಲು ದಾಟಿದರು. ನಾನೂ ದಾಟಿದೆ. ಅವರು ನಂಬರ್ ತಿರುಗಿಸುತ್ತಿದ್ದಾಗ ಮಾಳಿಗೆ ಬಿತ್ತು.

ದೊಡ್ಡ ಸದ್ದಾಗಲಿಲ್ಲ. ಲಾರಿಯೊಂದು ಜಲ್ಲಿ ಸುರಿದಂತೆ. ಅದರ ಹಿಂದೆಯೇ ಕಾಗದ ಜಾರುವ ಸದ್ದು, ತುಂಬಾ ಹೊತ್ತು. ಹೊಲಿಗೆ ಕೋಣೆಯ ಕಿಟಕಿಯಿಂದ ಬಿಳಿ ಧೂಳು ಗಲ್ಲಿಗೆ ನುಗ್ಗಿತು. ಮೇಲೆ ಫ್ಯಾನುಗಳು ಇನ್ನೂ ತಿರುಗುತ್ತಿದ್ದವು. ಆಮೇಲೆ ಕರೆಂಟ್ ಹೋಗಿ ಅವೂ ನಿಂತವು.

ಟೀಚರ್ ಒಬ್ಬರೇ ಚಲಿಸಿದರು. ತಮ್ಮ ಹುಡುಗಿಯರ ನಡುವೆ ಹೋಗಿ ಒಬ್ಬೊಬ್ಬರ ತಲೆ ಮುಟ್ಟುತ್ತ ಹೆಸರು ಹೇಳಿಕೊಂಡರು. ಕೊನೆಗೆ ಬಂದು ನಿಂತರು. ಮತ್ತೆ ಮೊದಲಿನಿಂದ ಶುರು ಮಾಡಿದರು. ಎರಡನೇ ಸಲ ಮುಗಿದಾಗ ನನ್ನ ಕಡೆ ತಿರುಗಿದರು. ಒಬ್ಬರು ಕಡಿಮೆ.

ರೈಲ್ವೆ ಸ್ಟೇಷನ್ ಹತ್ತಿರದಿಂದ ಬರುವ ಒಬ್ಬ ಮದುವೆಯಾದ ಹೆಂಗಸು, ಕಿಟಕಿಯ ಬದಿಯ ಮಷೀನಿನವಳು. ಹೊರಗೆ ಬಂದದ್ದನ್ನು ನೋಡಿದವರಿದ್ದರು, ಆಮೇಲೆ ನೋಡಿದವರಿಲ್ಲ. ಅವಳೂ ಕೊಡೆಗೆಂದು ಒಳಗೆ ಹೋದಳೇ ಎಂದು ಯಾರೋ ಕೇಳಿದರು. ಗೇಟಿನಲ್ಲಿ ನಾನೇ ನಿಂತಿದ್ದೆ. ಆದರೆ ಮಾಲೀಕರ ಜೊತೆ ಕಿಟಕಿಗೆ ಹೋದಾಗ ಗೇಟು ಬಿಟ್ಟಿದ್ದೆ. ಹಮಾಲರಿಬ್ಬರು ಧೂಳಿನ ಕಡೆಗೆ ಹೆಜ್ಜೆ ಹಾಕಿದರು. ಆ ಹೊತ್ತನ್ನು ಹೇಗೆ ಕಳೆದೆನೋ ಹೇಳಲಾರೆ. ಕಣ್ಣು ಕಿಟಕಿಯಿಂದ ಕೀಳಲು ಆಗಲಿಲ್ಲ, ನೋಡಲೂ ಆಗಲಿಲ್ಲ.

ಗಲ್ಲಿಯ ತಿರುವಿನಲ್ಲಿ ಅವಳು ಬಂದಳು. ಒಂದು ಕೈಯಲ್ಲಿ ಚಹಾದ ಕೆಟಲ್, ಇನ್ನೊಂದರಲ್ಲಿ ಗ್ಲಾಸುಗಳು. ಎಲ್ಲರೂ ಮಳೆಯಲ್ಲಿ ನಿಂತಿದ್ದಾರೆಂದು ತರಲು ಹೋಗಿದ್ದಳಂತೆ. ಟೀಚರ್ ಅವಳ ಹತ್ತಿರ ಹೋಗಿ ತಲೆ ಮುಟ್ಟಿದರು, ಅಷ್ಟೇ. ಆಮೇಲೆ ಗಲ್ಲಿಯ ನೆಲದ ಮೇಲೆ, ಕೆಸರಿನಲ್ಲಿಯೇ ಕೂತುಬಿಟ್ಟರು.

ಆ ಚಹಾವನ್ನು ಯಾರೋ ಹಂಚಿದರು. ಮಾಲೀಕರು ಗ್ಲಾಸು ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ. "ಮ್ಯಾಲ ಯಾರೂ ಇಲ್ಲಲ್ಲಾ ತಂಗಿ?" ಎಂದು ಕೇಳಿದರು. ಇಲ್ಲರಿ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು.

ಟಪಾಲಿನ ಗತಿ ಆಮೇಲಿನ ಮಾತು. ಫೈರ್ ಸರ್ವಿಸ್‌ನವರು ಒಳಗೆ ಬಿಡಲಿಲ್ಲ. ಟೆಂಪೋದಲ್ಲಿ ಉಳಿದ ಲಾಟ್ ಒಂದೇ ಚೆನ್ನಾಗಿತ್ತು. ಉಳಿದದ್ದಕ್ಕೆ ಪ್ರೆಸ್ಸಿನವರು ಮತ್ತೆ ಅಚ್ಚು ಹಾಕಿದರು. ಒಂದು ಮದುವೆ ಹಾಲ್ ಬಾಡಿಗೆ ಹಿಡಿದು ತುಂಬಿದೆವು. ವಿಂಗಡಿಸಲು ಪುರುಸೊತ್ತಿರಲಿಲ್ಲ. ಆದಷ್ಟನ್ನು ಆದಾಗ ಅಂಚೆಗೆ ಸುರಿದೆವು, ಪೂರ್ತಿ ದರ ಕೊಟ್ಟು. ವರದಿಗಳು ಹೇಗೋ ಹೊತ್ತಿಗೆ ಮುಟ್ಟಿದವು. ಮರುವರ್ಷ ಆ ಕಂಪನಿಯ ಕೆಲಸ ಬೊಂಬಾಯಿಯವರಿಗೇ ಹೋಯಿತು. ಮಾಲೀಕರು ಅದರ ಬಗ್ಗೆ ನನ್ನೊಡನೆ ಒಂದು ಮಾತೂ ಆಡಲಿಲ್ಲ.

ಆ ದಿನ ಪೊಲೀಸರಿಗೆ ಹೇಳಿಕೆ ಕೊಟ್ಟು ಬಸ್ಸು ಹತ್ತಿದಾಗ ಇನ್ನೂ ಬೆಳಕಿತ್ತು. ದಿಲ್‌ಸುಖ್‌ನಗರದಲ್ಲಿ ಇಳಿದು ಮನೆಯ ತನಕ ನಡೆದೆ. ಅಂಗಡಿಗಳು ತೆರೆದಿದ್ದವು, ಕೋಚಿಂಗ್ ಬಿಟ್ಟ ಹುಡುಗರು ರಸ್ತೆ ತುಂಬಾ ಇದ್ದರು. ನಮ್ಮದು ಬಾಡಿಗೆ ಮನೆ, ಒಂದನೇ ಮಹಡಿಯಲ್ಲಿ. ಮೇಲಿನಿಂದ ನನ್ನ ಮಕ್ಕಳು ಓಡಾಡುವ ಸದ್ದು ಕೇಳಿತು, ಧಡ ಧಡ ಧಡ. ಮೆಟ್ಟಿಲ ಮೇಲೆ ಕಾಲಿಟ್ಟೆ. ಎರಡನೇ ಕಾಲು ಏಳಲಿಲ್ಲ.

ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಅತ್ತೆ ಮೇಲಿನಿಂದ ಬಗ್ಗಿ ನೋಡಿ, "ಇವತ್ತ ಲಗೂ ಬಂದಿಯಲ್ಲ? ಅಲ್ಯಾಕ ಕುಂತಿ?" ಅಂದರು.

"ಹುಡುಗ್ರನ್ನ ಕೆಳಗ ಕಳಸ್ರಿ ಅತ್ತೀ" ಅಂದೆ. "ಒಬ್ಬೊಬ್ಬರನ್ನ."